ಎಳೆದು ತರಲಾಯಿತು

ರಾತ್ರಿಪಾಳಿ ಮುಗಿದ ಗುರುವಾರ ನಾನು ಮಲಗುವುದಿಲ್ಲ.
ಹಾಸ್ಟೆಲ್ಲಿನ ಮೆಟ್ಟಿಲ ಕೆಳಗೆ ಕಟ್ಟಿಹಾಕಿದ ಸೈಕಲ್ಲಿಗೆ
ಎರಡು ಬದಿ ಚೀಲ, ನಾಲ್ಕು ಬಾಟಲಿ ನೀರು,
ಟ್ಯೂಬು, ಪಂಪು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ
ಇನ್ನೂರು ವರ್ಷ ಹಳೆಯ ಯುದ್ಧದ ನಕಾಶೆ.
ಶಾರ್ಜಾದಿಂದ ಧಾಯಾ ಕೋಟೆಗೆ
ನೂರು ಕಿಲೋಮೀಟರು, ಮೇಲೆ ಚಿಲ್ಲರೆ.

"ಗಂಡಸರ ಹೊಡೆದಾಟ ಓದಿ ನಿನಗೇನು ಸೆವ್ರಿನ್?"
ಬೆನೆಡಿಕ್ಟಾಳ ಪ್ರಶ್ನೆ.
ಏನು ಹೇಳಲಿ? ನಾನು ಓದುವುದು ಗಾಯಾಳುಗಳ ಪಟ್ಟಿ.
ಸತ್ತವರು ಇಷ್ಟು, ಗಾಯಗೊಂಡವರು ಅಷ್ಟು.
ಆ 'ಅಷ್ಟು' ಇದೆಯಲ್ಲ,
ಅದರೊಳಗೆ ಬೆರಳಿಟ್ಟು ನೋಡುತ್ತೇನೆ:
ಕಾಲೋ, ಹೊಟ್ಟೆಯೋ? ಬಟ್ಟೆ ಕುದಿಸಿ ಕಟ್ಟಿದರೋ?
ಕೀವಿನ ವಾಸನೆಗೆ ಮುಖ ತಿರುವದೆ
ಬೆಳಗಿನವರೆಗೂ ಕೂತವರು ಯಾರು?

ಉಮ್ಮುಲ್ ಕುವೈನ್ ದಾಟುವಾಗ ಬೆಳಕಾಯಿತು.
ಎಡಗಡೆಯಿಂದ ಶಮಾಲ್ ಗಾಳಿ, ಕಪಾಳಕ್ಕೆ ಮರಳು.
ಲಾರಿಯವನೊಬ್ಬ ಹಾರನ್ ಬಾರಿಸಿ ಕೈ ಬೀಸಿದ,
ಶಹಬ್ಬಾಸೋ ಬೈಗುಳವೋ,
ಅರವತ್ತನೇ ಕಿಲೋಮೀಟರಿನಲ್ಲಿ ಎರಡೂ ಒಂದೇ.

ಹಡಗುಗಳು ಬೊಂಬಾಯಿಯಿಂದ ಬಂದವು, ಆಗಲೂ ಡಿಸೆಂಬರು.
ರಮ್ಸ್ ಬಳಿಯ ಕೆಸರಿನಲ್ಲಿ ಭಾರೀ ತೋಪುಗಳನ್ನು
ಗುಡ್ಡದ ಬುಡಕ್ಕೆ 'ಎಳೆದು ತರಲಾಯಿತು'
ಎಂದಿದೆ ನನ್ನ ಪುಸ್ತಕದಲ್ಲಿ.
ನನ್ನಜ್ಜಿ ಹಾಗೆ ಮಾತಾಡಿದವಳಲ್ಲ.
ಮೀನು ತರಲಾಯಿತು ಎಂದಿದ್ದರೆ
ಯಾರು ತಂದದ್ದು, ಬೆಕ್ಕಾ? ಎನ್ನುತ್ತಿದ್ದಳು.

ದಾರಿ ಉಳಿಸಲು ಹೋಗಿ
ಉಪ್ಪು ಕಟ್ಟಿದ ಬಯಲಿಗೆ ಸೈಕಲ್ ಇಳಿಸಿದೆ.
ಮೇಲೆ ಹಪ್ಪಳ, ಕೆಳಗೆ ಅಂಬಲಿ.
ಚಕ್ರ ಹೂತಿತು. ಹಿಂದಿನ ಟೈರಿನೊಳಗೆ
ಖರ್ಜೂರದ ಮುಳ್ಳು, ಕಿರುಬೆರಳುದ್ದ.
ಚೀಲ ಇಳಿಸಿದೆ, ಹೊತ್ತೆ, ಇಟ್ಟೆ,
ಹಿಂದೆ ಬಂದೆ, ಸೈಕಲ್ಲು ಎತ್ತಿದೆ, ಬಿದ್ದೆ.
ಇನ್ನೂರು ಗಜಕ್ಕೆ ಒಂದು ಗಂಟೆ.
ಎಲ್ಲ ಸೇರಿ ಮೂವತ್ತೆರಡು ಕಿಲೋ ಅಷ್ಟೇ ನನ್ನದು.
ತೋಪು ಒಂದೊಂದೂ ಎರಡು ಟನ್ನಿನ ಮೇಲೆ.

ಹಗ್ಗ ಭುಜದ ಚರ್ಮ ಸುಲಿದಿರಬೇಕು.
ಆ ಗಾಯ ಪಟ್ಟಿಯಲ್ಲಿಲ್ಲ,
ಗುಂಡು ತಾಗಿದ್ದಲ್ಲವಲ್ಲ.
ಆ ಸಿಪಾಯಿಗಳಲ್ಲಿ ನಮ್ಮ ಕರಾವಳಿಯವನೊಬ್ಬ ಇದ್ದನೋ,
ಕೆಸರಿಗೆ ಕನ್ನಡದಲ್ಲೇ ಶಾಪ ಹಾಕಿದನೋ,
ತಿಳಿಯದು. ಇದ್ದಿರಲಿ ಎಂದೂ
ಬಾಯಿಬಿಟ್ಟು ಬಯಸಲಾರೆ,
ಅವನು ಎಳೆದದ್ದು ಯಾರ ಮನೆಯ ಕಡೆಗೆ?

ತೋಟದ ಬೇಲಿಯಿಂದ ಎಲ್ಲ ನೋಡಿದ್ದ
ಬಲೂಚಿ ಮುದುಕ ಗುಲ್ ಮರ್ಜಾನ್.
ಬೋಗುಣಿಯಲ್ಲಿ ನೀರು ತಂದ, ಟ್ಯೂಬಿನ ತೂತು ಗುಳ್ಳೆಯೆದ್ದಿತು.
"ಟ್ಯಾಕ್ಸಿ ಸಿಗುತ್ತಲ್ಲ, ಬೆಹನ್?"
ಬಾಟಲಿ ತುಂಬಿಸಿಕೊಟ್ಟು ಹೇಳಿದ,
ಮೇಲೆ ಕೋಟೆಯಲ್ಲಿ ನೀರಿಲ್ಲ.
ಗೊತ್ತು.
ನೀರಿಲ್ಲದೆಯೇ ಅವರು ಇಳಿದು ಬಂದದ್ದು,
ಗಂಡಸರು ನಾನ್ನೂರರ ಹತ್ತಿರ,
ಹೆಂಗಸರು, ಮಕ್ಕಳು ಹೆಚ್ಚುಕಡಿಮೆ ಅಷ್ಟೇ.

ತುದಿಯಲ್ಲಿ ಎರಡು ಬುರುಜು, ನಡುವೆ ಗಾಳಿ.
ಕೆಳಗೆ ಖರ್ಜೂರದ ಹಸಿರು, ಆಚೆ ಉಪ್ಪು, ಅದರಾಚೆ ಸಮುದ್ರ.
ಉಪ್ಪಿನ ಮೇಲೆ ನನ್ನ ಚಕ್ರದ ಗೆರೆ,
ಹೊಸ ನರ್ಸು ಹಾಕಿದ ಹೊಲಿಗೆಯ ಹಾಗೆ ಸೊಟ್ಟ.
ಬಾಟಲಿ ತೆರೆದರೆ ಕುಡಿಯಲು ನಾಚಿಕೆ.
ಬಾಯಾರಿಕೆ ಅದಕ್ಕಿಂತ ದೊಡ್ಡದು,
ಗಟಗಟ ಕುಡಿದೆ.

ಮರುದಿನ ಹಿಂದಿರುಗುವಾಗ ಗಾಳಿ ಎದುರಿಗೇ ನಿಂತಿತ್ತು.
ಅದರ ಕತೆ ಬೇಡ.

ಶನಿವಾರ ರಾತ್ರಿ, ವಾರ್ಡು. ನಾಲ್ಕನೇ ಹಾಸಿಗೆ,
ಸಾರುವೆಯಿಂದ ಬಿದ್ದ ಮೋತಿಹಾರಿಯ ಹುಡುಗ.
ಡ್ರಿಪ್ ಬದಲಿಸುವ ನನ್ನ ಉಗುರು ನೋಡಿ
"ಇದೇನು ಕಪ್ಪು, ಸಿಸ್ಟರ್?"
ಮೂರು ಸಲ ಸೋಪು ಹಚ್ಚಿದರೂ ಹೋಗದ ಗ್ರೀಸು.
ಚೈನ್, ಎಂದೆ.
ಅವನ ಭಾಷೆಯಲ್ಲಿ ಅದು ನೆಮ್ಮದಿಯೂ ಹೌದು.
ನಕ್ಕ. ಪಕ್ಕೆಲುಬು ನೋಯಿತು, ನಿಲ್ಲಿಸಿದ.